ಏಳು ನಿಮಿಷದ ಹಾಡಿನೊಳಗಿನ ಟಕ್

ಟಕ್.

ರಾತ್ರಿ ದೀಪ ಆರಿಸಿದ ಮೇಲೆ ನಮ್ಮ ಮನೆಯಲ್ಲಿ ಕೇಳುವ ಸದ್ದು ಅದೊಂದೇ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹಲ್ಲಿ, ಕಿಟಕಿಯ ಚಿಲಕ, ಕಳ್ಳ ಎಂದು ಒಂದೊಂದನ್ನೇ ಅನುಮಾನಿಸಿ, ಕೊನೆಗೆ ಟಾರ್ಚ್ ಹಿಡಿದು ಹೋಗಿ ನೋಡಿದ್ದೆ. ಮಾವ ಮಂಚದ ಅಂಚಿನಲ್ಲಿ ಕೂತಿದ್ದರು, ಕೈಯಲ್ಲಿ ನೇಲ್ ಕಟರ್.

"ಏನಮ್ಮಾ, ಕಳ್ಳ ಸಿಕ್ಕನಾ?" ಎಂದರು.

ಮಾವ ದರ್ಜಿಯಾಗಿದ್ದವರು. ಉಗುರಿನ ಅಂಚು ಸ್ವಲ್ಪ ಒರಟಾದರೂ ರೇಷ್ಮೆಯ ಎಳೆ ಸಿಕ್ಕಿಕೊಂಡು ಬಟ್ಟೆ ಹಾಳಾಗುತ್ತದೆ. ಹಾಗಾಗಿ ಮಲಗುವ ಮುಂಚೆ ಉಗುರು ನೋಡಿಕೊಳ್ಳುವುದು ಅವರ ಕಸುಬಿನ ಶಿಸ್ತು. ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಶಿಸ್ತು ಮುಚ್ಚಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಅವರ ಕೋಣೆಯಲ್ಲಿ ಉಗುರಿನ ಒಂದು ಚೂರೂ ಸಿಗುವುದಿಲ್ಲ. ಎಂಥ ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಇರಬಾರದ ಅಕ್ಷರವನ್ನು ಹಿಡಿಯುವುದು ಸುಲಭ, ಇರಬೇಕಾದದ್ದು ಇಲ್ಲದಿರುವುದು ಮಾತ್ರ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ. ಈ ಕಸುಬಿನವರೆಲ್ಲ ಒಪ್ಪುವ ಮಾತಿದು.

ಇನ್ನು ನಮ್ಮವರ ವಿಷಯ. ಇವರು ತೂಕ ಮತ್ತು ಅಳತೆಯ ಇಲಾಖೆಯ ನೌಕರರು. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಸ್ವಂತ ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿರುವುದು ಬಸ್ಸಿನಲ್ಲಿ ಯಾರಾದರೂ ಹೇಳಿದ ಮೇಲೆ ಇವರಿಗೆ ಗೊತ್ತಾಗುತ್ತದೆ. ಇವರಿಗಿರುವ ಒಂದೇ ಹುಚ್ಚು ಒಂದು ಹಳೆಯ ರಾಕ್ ಬ್ಯಾಂಡಿನದು. ನಾಲ್ಕು ಜನ ಸೇರಿ ಕಟ್ಟಿ, ನಾಲ್ಕು ಜನವೂ ಜಗಳವಾಡಿ ಒಡೆದ ಬ್ಯಾಂಡು ಅದು. ಒಡೆದು ಇಷ್ಟು ವರ್ಷವಾದರೂ ಆ ಜಗಳವನ್ನು ನಮ್ಮ ಬೀದಿಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಜೋಪಾನವಾಗಿ ಮುಂದುವರಿಸಲಾಗುತ್ತಿತ್ತು. ಅದಕ್ಕೆ ಅಭಿಮಾನಿಗಳ ಸಂಘ ಎಂದು ಹೆಸರು.

ಸಂಘದಲ್ಲಿ ಬ್ಯಾಂಡಿನ ಹೆಸರನ್ನು ಯಾರೂ ಹೇಳುವುದಿಲ್ಲ, 'ಅವರು' ಎನ್ನುತ್ತಾರೆ. ನಾನು ಗಂಡನನ್ನು 'ಇವರು' ಎನ್ನುವವಳಾದ್ದರಿಂದ ಮೊದಮೊದಲು ಯಾರು ಯಾರೆಂದು ತಿಳಿಯದೆ ಕಷ್ಟವಾಗುತ್ತಿತ್ತು. ಆಲ್ಬಮ್ಮುಗಳಿಗೂ ಅಷ್ಟೇ, ರಟ್ಟಿನ ಮೇಲಿನ ಚಿತ್ರವೇ ಹೆಸರು. ಒಂದು 'ಏಣಿ', ಇನ್ನೊಂದು 'ಕೊಡೆ'. ಏಣಿಯ ಕೊನೆಯಲ್ಲಿ ಬರುವ 'ಏಳು ನಿಮಿಷದ್ದು' ಎಂಬ ಹಾಡು ಲೋಕದಲ್ಲೇ ದೊಡ್ಡದೆಂದು ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಹೇಳುತ್ತಿದ್ದರು. ಏಣಿಯ ನಂತರ ಅವರು ಕೆಟ್ಟರು, ಏಣಿಯಲ್ಲೇ ಅರ್ಧ ಕೆಟ್ಟಿದ್ದರು ಎಂದು ಕಾರ್ಯದರ್ಶಿಯಾದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹೇಳುತ್ತಿದ್ದರು. ಇಬ್ಬರೂ ಬಾಲ್ಯಸ್ನೇಹಿತರು.

ಇವರ ಅಭಿಪ್ರಾಯವೇನೆಂದು ಯಾರಿಗೂ ಗೊತ್ತಿರಲಿಲ್ಲ. ಕಾರಣ ಸ್ಟೂಲು. ಆ ಕೋಣೆಯಲ್ಲಿ ಕೈಯಿರುವ ಕುರ್ಚಿ ಮೂರು. ಎರಡರಲ್ಲಿ ಡಾಕ್ಟರು, ಮೇಷ್ಟ್ರು. ಮೂರನೆಯದು ಸಂಘ ಸ್ಥಾಪಿಸಿ ಊರು ಬಿಟ್ಟವರ ನೆನಪಿಗೆ ಖಾಲಿ. ಡ್ರೈಕ್ಲೀನರ್ ಇಸ್ತ್ರಿ ಮೇಜಿಗೆ ಒರಗಿ ನಿಲ್ಲುತ್ತಿದ್ದ. ಇವರಿಗೆ ಬಾಗಿಲ ಬಳಿಯ ಸ್ಟೂಲು. ಯಾರಾದರೂ ಬಟ್ಟೆ ಒಯ್ಯಲು ಬಂದರೆ ಎದ್ದು ದಾರಿ ಬಿಡಬೇಕು. ಇವರು ಬಾಯಿ ತೆರೆದು "ನನ್ನ ಪ್ರಕಾರ…" ಎನ್ನುವಷ್ಟರಲ್ಲಿ ಯಾರದೋ ಕೋಟು ತಲೆಯ ಮೇಲೆ ಹಾದುಹೋಗುತ್ತಿತ್ತು. ಇಷ್ಟು ವರ್ಷಗಳಲ್ಲಿ ಆ ವಾಕ್ಯ ಒಂದು ಸಲವೂ ಪೂರ್ತಿಯಾಗಿರಲಿಲ್ಲ.

ಮನೆಯಲ್ಲೂ ಪರಿಸ್ಥಿತಿ ಉತ್ತಮವಾಗೇನಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಇವರು ಏಣಿ ಆಲ್ಬಮ್ಮಿನ ರಟ್ಟು ಹಿಡಿದುಕೊಂಡು ಹೋಗಿ, ಅದರಲ್ಲಿ ಏಣಿಯ ಮೇಲೆ ಕೂತ ಡ್ರಮ್ಮಿನವನು ತೊಟ್ಟಂಥ ಪ್ಯಾಂಟು ಬೇಕೆಂದು ತಂದೆಯನ್ನು ಕೇಳಿದ್ದರಂತೆ. ಮಂಡಿಯಿಂದ ಕೆಳಗೆ ಗಂಟೆಯಂತೆ ಅಗಲವಾದ ಪ್ಯಾಂಟು. ಮಾವ ಚಿತ್ರ ನೋಡಿ, "ಇದು ಪ್ಯಾಂಟಲ್ಲ, ಎರಡು ಚೀಲ. ನನ್ನ ಅಂಗಡೀಲಿ ಚೀಲ ಹೊಲಿಯಲ್ಲ" ಎಂದು ಗಿರಾಕಿಗಳ ಎದುರೇ ಹೇಳಿಬಿಟ್ಟರಂತೆ. ಅಂದಿನಿಂದ ಹಾಡಿನ ವಿಷಯದಲ್ಲಿ ಅಪ್ಪ ಮಗನಿಗೆ ನೇರ ಮಾತಿಲ್ಲ. ನಾನು ಬಂದ ಮೇಲೆ ನನ್ನ ಮೂಲಕ.

"ನಿನ್ನ ಗಂಡನಿಗೆ ಹೇಳಮ್ಮಾ, ಆ ತಗಡು ಬಡಿಯೋದು ಸಾಕು ಅಂತ."

"ತಗಡು ಸಾಕಂತೆ," ಎಂದು ನಾನು ಹೇಳುವುದು, ಇವರು ಸದ್ದು ತಗ್ಗಿಸುವುದು. ಮಾವನ ಕೋಣೆಗೂ ಹಾಲಿಗೂ ನಡುವೆ ಬಾಗಿಲಿಲ್ಲ, ಒಂದು ಪರದೆ ಮಾತ್ರ.

ಆಗಿದ್ದು ಇಷ್ಟು. ಸಂಘದ ಹತ್ತಿರ ಏಣಿಯ ಒಂದೇ ಒಂದು ಹಳೆಯ ರೆಕಾರ್ಡು ಇತ್ತು. ಸದಸ್ಯರು ಸರದಿಯ ಮೇಲೆ ಮನೆಗೆ ಒಯ್ಯಬಹುದು. ಇವರ ಸರದಿ ಬಂದಾಗ, ಬೀದಿ ಸದ್ದಡಗಿದ ಮೇಲೆ ಕ್ಯಾಸೆಟ್ಟಿಗೆ ಇಳಿಸಿಕೊಂಡರು. ತಂತಿ ಜೋಡಿಸುವ ತೂತು ಯಾವುದೆಂದು ತಿಳಿಯದ್ದರಿಂದ ಟೇಪ್ ರೆಕಾರ್ಡರನ್ನು ಸ್ಪೀಕರಿನ ಎದುರು ಸ್ಟೂಲಿನ ಮೇಲಿಟ್ಟು, ನನಗೆ ಉಸಿರು ಬಿಡಬೇಡವೆಂದು ಸನ್ನೆ ಮಾಡಿ, ತಾವೂ ಕಣ್ಣು ಮುಚ್ಚಿ ಕೂತರು. ಹಾಡಿನಲ್ಲಿ ಮುಳುಗಿದ್ದ ಇವರಿಗೆ ಪರದೆಯ ಆಚೆಗಿನದು ಕೇಳಲಿಲ್ಲ. ನನಗೆ ಕೇಳಿತು. ಉಸಿರು ಬಿಡಬಾರದೆಂದಿದ್ದರಿಂದ ಹೇಳಲಾಗಲಿಲ್ಲ.

ಮುಂದಿನ ಶನಿವಾರ ರೆಕಾರ್ಡನ್ನು ಹಿಂದಿರುಗಿಸುವಾಗ ಇವರು ಅದನ್ನು ಕಪಾಟಿನಲ್ಲಿಡುವ ಬದಲು ಇಸ್ತ್ರಿ ಮೇಜಿನ ಮೇಲಿಟ್ಟು ಸ್ಟೂಲಿಗೆ ಹೋಗಿ ಕೂತರು. ಮೇಜು ಆಗಷ್ಟೇ ಕೆಲಸ ಮುಗಿಸಿ ಇನ್ನೂ ಕಾದಿತ್ತು. ನಾನು ತೊಳೆಯಲು ಕೊಟ್ಟಿದ್ದ ಪರದೆ ಒಯ್ಯಲು ಕೌಂಟರಿಗೆ ಬಂದಾಗ, ಡಾಕ್ಟರು ದೋಣಿಯಂತೆ ಬಾಗಿದ ಏಣಿಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ನಿಂತಿದ್ದರು. ಕೋಣೆಯಲ್ಲಿ ಶೋಕಸಭೆಯ ಮೌನ.

"ಇದನ್ನ ಇಲ್ಲಿಟ್ಟೋರು ಯಾರು?"

ಇವರು ಸ್ಟೂಲಿನಿಂದ ಎದ್ದರು. ಅಪರೂಪಕ್ಕೆ ಎಲ್ಲರೂ ಇವರತ್ತ ನೋಡಿದರು.

"ಹೊರಗೆ ಹಾಕೋಣ," ಎಂದರು ಮೇಷ್ಟ್ರು. "ಗೇರ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ದೋರ್ನ ರಸ್ತೆಗೆ ಬಿಡಬಾರದು."

"ನನ್ನ ಹತ್ರ ಕ್ಯಾಸೆಟ್ ಇದೆ ಸಾರ್," ಎಂದರು ಇವರು. "ಪೂರ್ತಿ ಇದೆ."

ಕ್ಯಾಸೆಟ್ ಹಾಕಿದರು. ಬಾಗಿದ ರೆಕಾರ್ಡಿಗೆ ಗೌರವ ಸೂಚಿಸಿ ನೇರ ಏಳು ನಿಮಿಷದ್ದಕ್ಕೇ ಹೋದರು. ಆ ಹಾಡಿನ ನಡುವೆ ಒಂದು ಜಾಗವಿದೆ. ಗಿಟಾರು, ಡ್ರಮ್ಮು, ದನಿ ಎಲ್ಲವೂ ಒಟ್ಟಿಗೆ ನಿಂತುಹೋಗಿ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಏನೂ ಇರುವುದಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಆ ಏನೂ ಇಲ್ಲದ ಜಾಗ ಬಂತು.

ಟಕ್. ಟಕ್‌ಟಕ್. ಹ್ಞೂಂ…

ಕೌಂಟರಿನ ಈಚೆ ನನ್ನ ಕೈಯಿಂದ ಪರದೆ ಜಾರಿತು.

ಡಾಕ್ಟರು ಕೈ ಎತ್ತಿದರು. "ನಿಲ್ಲಿಸಿ. ಏನದು?"

ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದರು. ಟಕ್. ಟಕ್‌ಟಕ್. ಹ್ಞೂಂ.

"ಇಷ್ಟು ವರ್ಷ ಕೇಳಿದೀನಿ," ಎಂದರು ಡಾಕ್ಟರು ಬಹಳ ತಗ್ಗಿದ ದನಿಯಲ್ಲಿ, "ಇದು ಕೇಳಿಲ್ಲ. ನಿಮಗೆ ಮೊದಲೇ ಗೊತ್ತಿತ್ತಾ?"

ಇವರಿಗೆ ಏನೂ ಗೊತ್ತಿರಲಿಲ್ಲ. ಅದನ್ನು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲರೂ ಇವರ ಬಾಯನ್ನೇ ನೋಡುತ್ತಿದ್ದರು, ಯಾರ ಕೋಟೂ ಅಡ್ಡ ಬರಲಿಲ್ಲ. ಇವರು ಕನ್ನಡಕ ಸರಿಮಾಡಿಕೊಂಡರು.

"ಅದು ಇದೆ ಸಾರ್. ಕೇಳೋ ಕಿವಿ ಬೇಕು, ಅಷ್ಟೇ."

ಡಾಕ್ಟರು ಎದ್ದು ಹೋಗಿ, ಖಾಲಿ ಕುರ್ಚಿಯ ಧೂಳನ್ನು ಸ್ವಂತ ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಿ" ಎಂದರು.

ದಾರಿಯಲ್ಲಿ ನಾನು ಎರಡು ಸಲ "ರೀ, ಆ ಸದ್ದು…" ಎಂದು ಶುರುಮಾಡಿದೆ.

"ಆ ಕುರ್ಚಿಗೆ ಎರಡು ಕಡೆನೂ ಕೈ ಇದೆ ಕಣೇ," ಎಂದರು ಇವರು. "ಮೊಣಕೈ ಎಲ್ಲಿಡೋದು ಅಂತ ಯೋಚ್ನೇನೇ ಮಾಡೋ ಹಾಗಿಲ್ಲ."

ನಾನು ಪರದೆಯನ್ನು ಎದೆಗೊತ್ತಿಕೊಂಡು ಸುಮ್ಮನೆ ನಡೆದೆ.

ಅನಂತರದ ಶನಿವಾರಗಳನ್ನು ನಾನು ಪೂರ್ತಿ ವಿವರಿಸಲಾರೆ. ಮನೆಯ ಬಟ್ಟೆಗಳನ್ನೆಲ್ಲ ಕೊಳೆಯಾಗುವ ಮುಂಚೆಯೇ ಡ್ರೈಕ್ಲೀನಿಂಗಿಗೆ ಒಯ್ದು, ಕೌಂಟರಿನಲ್ಲಿ ನಿಂತು ಕೇಳಿಸಿಕೊಂಡೆ. ಸಂಘ ಎರಡಾಯಿತು. ಡಾಕ್ಟರದು ಟಕ್ ಪಕ್ಷ, ಮೇಷ್ಟ್ರದು ಮೌನ ಪಕ್ಷ.

"ಅದು ಡ್ರಮ್ಮಿನವನು ಕೋಲಿಗೆ ಕೋಲು ತಾಗಿಸಿದ್ದು," ಎಂದರು ಡಾಕ್ಟರು. "ಏಣಿ ಆದ್ಮೇಲೆ ಅವನು ಬ್ಯಾಂಡು ಬಿಟ್ಟ. ಆ 'ಹ್ಞೂಂ' ಇದೆಯಲ್ಲ, ಅದು ಬಿಟ್ಟುಹೋಗೋನ ಉಸಿರು. ನನ್ನ ಕುರ್ಚೀಲಿ ದಿನಾ ಕೇಳ್ತೀನಿ. ಹಲ್ಲು ಕಿತ್ತಾದ ಮೇಲೆ ಎಲ್ಲರೂ ಬಿಡೋದು ಇದೇ ಉಸಿರು."

"ಉಸಿರಂತೆ! ಫೋನ್ ತೆಗೀರಿ," ಎಂದು ಮೇಷ್ಟ್ರು ತಮ್ಮ ಫೋನಿನಲ್ಲಿ ಅದೇ ಹಾಡು ಹಾಕಿದರು. ಮೌನದ ಜಾಗ ಬಂತು, ಬರೀ ಮೌನವಾಗಿಯೇ ಹೋಯಿತು. "ಎಲ್ರೀ ಟಕ್ಕು?"

ಎಲ್ಲರೂ ಇವರ ಕಡೆ ನೋಡಿದರು. ಇವರು ಎರಡೂ ಮೊಣಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು ಬೆವರಿದರು. ಆಗ ಕಾಪಾಡಿದವನು ಡ್ರೈಕ್ಲೀನರ್.

"ಫೋನಲ್ಲಿ ಬರೋದು ತೊಳೆದು ಇಸ್ತ್ರಿ ಮಾಡಿದ ಹಾಡು ಸಾರ್. ನನ್ನ ಕಸುಬು ಅದೇ. ಕಲೆ ತೆಗೀವಾಗ ಎಷ್ಟೋ ಸಲ ಹೂವೂ ಹೋಗ್ಬಿಡತ್ತೆ. ಗಿರಾಕಿಗೆ ಹೇಳಲ್ಲ."

ನನ್ನ ಮೇಜುಬಟ್ಟೆಯ ಅಂಚಿನ ಹೂವುಗಳು ಎಲ್ಲಿ ಹೋದವೆಂದು ಅಂದು ನನಗೆ ತಿಳಿಯಿತು.

ಮೇಷ್ಟ್ರು ಎಲ್ಲಿಂದಲೋ ಇನ್ನೊಂದು ಹಳೆಯ ರೆಕಾರ್ಡು ತರಿಸಿದರು. ಅದರಲ್ಲೂ ಟಕ್ ಇರಲಿಲ್ಲ. "ನೋಡಿದ್ರಾ, ಕಂಪನಿಯೋರು ಆಗಲೇ ತೆಗೆದುಬಿಟ್ಟಿದ್ದಾರೆ," ಎಂದು ಡಾಕ್ಟರು ಮರುಗಿದರು. ಟಕ್ ಇಲ್ಲದಿದ್ದಷ್ಟೂ ಅದರ ಬೆಲೆ ಏರಿತು. ಸ್ನೇಹಿತರಿಬ್ಬರೂ ಮಾತು ಬಿಟ್ಟರು. ಮೇಷ್ಟ್ರು ಹಲ್ಲುನೋವಿದ್ದರೂ ಡಾಕ್ಟರ ಹತ್ತಿರ ಹೋಗದೆ ದವಡೆಗೆ ಮಫ್ಲರ್ ಕಟ್ಟಿಕೊಂಡು ಬಂದರು. ಇವರೋ, ಮನೆಯಲ್ಲಿ ಕನ್ನಡಿಯೆದುರು ನಿಂತು "ನನ್ನ ಪ್ರಕಾರ" ಎಂದು ಅಭ್ಯಾಸ ಮಾಡಲಾರಂಭಿಸಿದರು. ಒಂದು ವಾಕ್ಯ ಪೂರ್ತಿ ಹೇಳಿ ಮುಗಿಸಿದ ಗಂಡನನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ಕಂಡೆ. ಬೆನ್ನು ನೆಟ್ಟಗಾಗಿತ್ತು. ಅಂಗಿಯ ಗುಂಡಿಗಳೂ ಸರಿಯಾದ ಮನೆಗೆ ಹೋಗುತ್ತಿದ್ದವು.

ನನಗೆ ನಿದ್ದೆ ಹೋಯಿತು. ಸತ್ಯ ತಿಳಿದರೆ ಇವರು ಸ್ಟೂಲಿಗಲ್ಲ, ಬೀದಿಗೆ ಬೀಳುತ್ತಾರೆ. ಬೀದಿಯ ಪ್ರತಿ ತಕ್ಕಡಿಯ ಹಿಂದೆ ಒಬ್ಬೊಬ್ಬ ಅಂಗಡಿಯವನು ನಗುತ್ತಾನೆ. "ಉಗುರಿನ ಸಾಹೇಬರು ಬಂದ್ರು!"

ಕೊನೆಗೆ ಮೇಷ್ಟ್ರು ಮಫ್ಲರಿನೊಳಗಿಂದ ಆ ಮಾತು ಹೇಳಿಯೇಬಿಟ್ಟರು.

"ಇದು ಮನೇಲಿ ರೆಕಾರ್ಡ್ ಮಾಡಿದ್ದು ತಾನೇ? ಮನೇಗೇ ಹೋಗೋಣ. ಅದೇ ಹಾಲ್, ಅದೇ ಟೇಪ್ ರೆಕಾರ್ಡರ್. ನಾನು ತರಿಸಿದ ರೆಕಾರ್ಡು ಹಾಕಿ ಇನ್ನೊಂದ್ಸಲ ರೆಕಾರ್ಡ್ ಮಾಡೋಣ. ಟಕ್ ಬಂದ್ರೆ ಅದು ಮನೇದು, ಬರದಿದ್ರೆ ಹಾಡಿಂದು. ಏನಂತೀರಾ, ತೂಕದ ಸಾಹೇಬ್ರೇ?"

"ಬನ್ನಿ," ಎಂದರು ಇವರು, ತಕ್ಕಡಿಗೆ ಮುದ್ರೆ ಒತ್ತುವವರ ಗಾಂಭೀರ್ಯದಿಂದ.

ಆ ರಾತ್ರಿಯೇ ಡಾಕ್ಟರು, ಮೇಷ್ಟ್ರು, ಡ್ರೈಕ್ಲೀನರ್ ಮೂವರೂ ಬಂದರು. ಅವರು ಚಪ್ಪಲಿ ಬಿಡುವಷ್ಟರಲ್ಲಿ ನಾನು ಮಾವನ ದಿಂಬಿನ ಪಕ್ಕದಿಂದ ನೇಲ್ ಕಟರ್ ಎತ್ತಿ, ಅಡುಗೆಮನೆಗೆ ಓಡಿ, ಸಕ್ಕರೆ ಡಬ್ಬಿಯೊಳಗೆ ಹೂತುಬಿಟ್ಟಿದ್ದೆ. ಹಾಲಿನಲ್ಲಿ ಎಲ್ಲರೂ ಕೂತರು. ಇವರು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟರು. ಮೇಷ್ಟ್ರು ಗೋಡೆ ತಟ್ಟಿ ನೋಡಿದರು, ಕಿಟಕಿಯ ಚಿಲಕ ಅಲುಗಿಸಿ ನೋಡಿದರು, ಗೋಡೆ ಗಡಿಯಾರ ಇಳಿಸಿ ಸೋಫಾದ ದಿಂಬಿನಡಿ ಇಟ್ಟರು.

ಆಗ ಪರದೆ ಸರಿಯಿತು.

"ನನ್ನ ನೇಲ್ ಕಟರ್ ಎಲ್ಲಮ್ಮಾ?"

ಮಾವ ಪರದೆ ಹಿಡಿದು ನಿಂತಿದ್ದರು. ಮೇಷ್ಟ್ರ ಮಫ್ಲರ್ ನಿಧಾನವಾಗಿ ನನ್ನ ಕಡೆ ತಿರುಗಿತು.

"ಕಾಣಿಸ್ತಿಲ್ಲ ಮಾವ. ಬೆಳಿಗ್ಗೆ ಹುಡುಕಿ ಕೊಡ್ತೀನಿ."

"ಬೆಳಿಗ್ಗೆ ಯಾಕೆ, ದಿನಾ ರಾತ್ರಿ ತಾನೇ ನಂಗೆ…"

"ನೀವೂ ಕೂತ್ಕೊಳ್ಳಿ ಯಜಮಾನ್ರೇ!" ಎಂದು ಡಾಕ್ಟರು ಎದ್ದು ಕೈಹಿಡಿದರು. "ದೊಡ್ಡೋರು ಒಬ್ರು ಸಾಕ್ಷಿ ಇರ್ಲಿ."

ಅಪ್ಪ, ಮಗ ಒಂದೇ ಸೋಫಾದ ಎರಡು ತುದಿಗಳಲ್ಲಿ ಕೂತರು. ನಡುವೆ ದಿಂಬು, ದಿಂಬಿನಡಿ ಗಡಿಯಾರ. ಹಾಡು ಶುರುವಾಯಿತು. ಟೇಪು ತಿರುಗಿತು. ಯಾರೂ ಅಲುಗಲಿಲ್ಲ. ಹಾಡು ಏರಿ ಏರಿ ಬಂದು, ಆ ಜಾಗದಲ್ಲಿ ನಿಂತಿತು.

ಏನೂ ಇಲ್ಲ.

ಆ ಮೌನದಲ್ಲಿ ನಾನು ಮಾವನ ಕೈಯನ್ನೇ ನೋಡುತ್ತಿದ್ದೆ. ಅವರ ಹೆಬ್ಬೆರಳು ತೋರುಬೆರಳನ್ನು ಒಂದು ಸಲ ಒತ್ತಿತು, ಆಮೇಲೆ ಎರಡು ಸಲ ಬೇಗಬೇಗ. ವಯಸ್ಸಾದ ಕೈ, ನಡುಗುತ್ತಿದೆ ಎಂದುಕೊಂಡೆ.

ಹಾಡು ಮುಗಿಯಿತು. ಹೊಸದಾಗಿ ಇಳಿಸಿದ್ದನ್ನು ಹಾಕಿ ಕೇಳಿದರು. ಟಕ್ ಇಲ್ಲ.

"ಹಾಗಾದ್ರೆ ಮನೇದಲ್ಲ," ಎಂದರು ಡಾಕ್ಟರು. ಗೆಲುವಿನ ದನಿಯಲ್ಲ, ಹತ್ತಿರದವರಿಗೆ ಸುದ್ದಿ ಮುಟ್ಟಿಸುವ ದನಿ. ಆಮೇಲೆ ಹಳೆಯ ಕ್ಯಾಸೆಟ್ ಹಾಕಿದರು.

ಟಕ್. ಟಕ್‌ಟಕ್. ಹ್ಞೂಂ…

ಮಾವ ತಲೆ ಎತ್ತಿದರು. ಸ್ವಂತ ಉಸಿರನ್ನು ಯಾರು ಗುರುತಿಸುವುದಿಲ್ಲ? ಅವರು ಟೇಪ್ ರೆಕಾರ್ಡರನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಮಗನನ್ನು ನೋಡಿದರು. ಇವರು ಸೋಫಾದ ತುದಿಯಲ್ಲಿ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ನಿಮಗೇನನ್ಸತ್ತೆ ಯಜಮಾನ್ರೇ?" ಎಂದರು ಮೇಷ್ಟ್ರು. "ಯಾರ ಕೈಕೆಲಸ ಇದು?"

ಮಾವ ತೋರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಸವರಿಕೊಂಡರು.

"ಯಾರೋ ಮಾಡಿದಾರೆ. ಸುಮ್ನೆ ಬಡಿದದ್ದಲ್ಲ. ಜಾಗ ನೋಡ್ಕೊಂಡು ಬಡಿದಿದಾರೆ."

"ನಿಮಗೆ ಈ ಹಾಡು ಗೊತ್ತಾ?"

"ನಂಗೆಲ್ಲಿ ಗೊತ್ತು? ನಮ್ಮನೆ ಗೋಡೆಗೆ ಗೊತ್ತು," ಎಂದು ಅವರು ಎದುರಿಗಿದ್ದ ಆಲ್ಬಮ್ಮಿನ ರಟ್ಟನ್ನು ಕೈಗೆತ್ತಿಕೊಂಡು, ಕಣ್ಣಿನಿಂದ ದೂರ ಹಿಡಿದು ನೋಡಿದರು. "ಇವನೇನಾ ಡ್ರಮ್ಮಿನೋನು? ಪ್ಯಾಂಟಿನ ಕಟಿಂಗ್ ಚೆನ್ನಾಗಿದೆ. ಮಂಡಿ ಹತ್ರ ತಿರುವು ತರೋದು ಸುಲಭ ಅಲ್ಲ."

ಇವರು ಕಣ್ಣು ತೆರೆದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟು ದಿನ ಕನ್ನಡಿಯೆದುರು ಮಾಡಿದ ಅಭ್ಯಾಸವೆಲ್ಲ ಎಲ್ಲಿ ಹೋಯಿತೋ, ಒಂದು ಪದವೂ ಬರಲಿಲ್ಲ.

"ಇನ್ನೊಂದ್ಸಲ ಹಾಕಿ," ಎಂದರು ಮೇಷ್ಟ್ರು. ಹಾಕಿದರು. 'ಹ್ಞೂಂ' ಬಂದಾಗ ಮೇಷ್ಟ್ರು ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ಪಾಪ, ದಣಿದಿದ್ದ ಅನ್ಸತ್ತೆ ಕಣೋ," ಎಂದರು ಡಾಕ್ಟರಿಗೆ, ಎಷ್ಟೋ ವಾರಗಳ ಮೇಲೆ. ಡಾಕ್ಟರು ಅವರ ಗದ್ದ ಹಿಡಿದೆತ್ತಿ, ನಮ್ಮ ಹಾಲಿನ ದೀಪದ ಕೆಳಗೇ ಬಾಯಿ ತೆರೆಸಿ ನೋಡಿ, "ನಾಳೆ ಬೆಳಿಗ್ಗೆ ಬಾ, ಗೂಬೆ. ಹಿಂದಿಂದು ಪೂರ್ತಿ ಹೋಗಿದೆ" ಎಂದರು. ಎಲ್ಲರಿಗೂ ಚಹಾ ಕೊಟ್ಟೆ. ಸಕ್ಕರೆ ಹಾಕುವಾಗ ಚಮಚ ಡಬ್ಬಿಯೊಳಗೆ ಲೋಹಕ್ಕೆ ತಗುಲಿ 'ಟಕ್' ಎಂದಿತು. ಹಾಲಿನಲ್ಲಿ ಮೂವರೂ ಒಮ್ಮೆಲೇ ಕತ್ತು ತಿರುಗಿಸಿದರು. ನಾನು ಕೆಮ್ಮಿದೆ.

ಎಲ್ಲರೂ ಹೋದ ಮೇಲೆ ನೇಲ್ ಕಟರನ್ನು ಒರೆಸಿ ಮಾವನಿಗೆ ಕೊಟ್ಟೆ. ಅವರು ಅದರ ಸಂದಿಯಲ್ಲಿ ಉಳಿದ ಸಕ್ಕರೆಯ ಹರಳನ್ನು ಊದಿ, "ಇರುವೆ ಬರತ್ತೆ ನೋಡು" ಎಂದರು. ಅಷ್ಟೇ.

ಇದೆಲ್ಲ ಮುಗಿಯಿತೆಂದು ನಾನು ನೆಮ್ಮದಿಯಾಗಿದ್ದೆ. ಒಂದು ಮಧ್ಯಾಹ್ನ ಮುದ್ರಣಾಲಯದ ಯಂತ್ರ ಕೆಟ್ಟು ನಮ್ಮನ್ನು ಬೇಗ ಬಿಟ್ಟರು. ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಹಾಡು ಕೇಳುತ್ತಿತ್ತು. ಇವರು ಕಚೇರಿಯಲ್ಲಿದ್ದರು. ಕಳ್ಳನಾದರೆ ಏಳು ನಿಮಿಷದ ಹಾಡು ಕೇಳುತ್ತ ಕೂರುವುದಿಲ್ಲ. ಬಾಗಿಲು ಓರೆಯಾಗಿತ್ತು. ಸಂದಿಯಿಂದ ನೋಡಿದೆ.

ಮಾವ ಟೇಪ್ ರೆಕಾರ್ಡರನ್ನು ತಮ್ಮ ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡಿದ್ದರು. ಪರದೆ ಪೂರ್ತಿ ಸರಿದಿತ್ತು. ಅವರು ನೇಲ್ ಕಟರನ್ನು ಎದೆಯ ಮಟ್ಟಕ್ಕೆ, ಗಾಳಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವರ ಬೆರಳುಗಳು ಬೆಳಕಿಗೆ ನೇರವಾಗಿದ್ದವು. ಕತ್ತರಿಸಲು ಆ ಬೆರಳುಗಳಲ್ಲಿ ಬೆಳೆದ ಉಗುರೇ ಇರಲಿಲ್ಲ. ಎಷ್ಟೋ ಕಾಲದಿಂದ ಇದ್ದಿರಲಾರದು. ದಿನವೂ ಗುಡಿಸಿ ಒಂದು ಚೂರೂ ಕಾಣದ ನನಗೆ ಅದು ಆಗ ಹೊಳೆಯಿತು.

ಹಾಡು ನಿಂತಿತು.

ಟಕ್. ಟಕ್‌ಟಕ್.

ಟೇಪಿನೊಳಗಿನದೂ ಅವರ ಕೈಯಲ್ಲಿನದೂ ಒಂದೇ ಸದ್ದಾಗಿ ಬಿತ್ತು. ಒಂದು ಎಳೆಯಷ್ಟೂ ಹಿಂದುಮುಂದಾಗಲಿಲ್ಲ. "ಹ್ಞೂಂ," ಎಂದರು ಮಾವ, ತೃಪ್ತಿಯಿಂದ.

ನಾನು ಹಿಂದಕ್ಕೆ ಹೆಜ್ಜೆಯಿಟ್ಟು ಗೇಟಿನವರೆಗೂ ಹೋದೆ. ಚಿಲಕವನ್ನು ಜೋರಾಗಿ ಅಲ್ಲಾಡಿಸಿದೆ, ಚಪ್ಪಲಿ ಎಳೆದೆ, ಎರಡು ಸಲ ಕೆಮ್ಮಿದೆ. ಒಳಗೆ ಹೋಗುವಷ್ಟರಲ್ಲಿ ಟೇಪ್ ರೆಕಾರ್ಡರ್ ಹಾಲಿನಲ್ಲಿತ್ತು, ಪರದೆ ಎಳೆದಿತ್ತು.

"ಬೇಗ ಬಂದ್ಯಾ ಅಮ್ಮಾ?" ಎಂದರು ಮಾವ ಒಳಗಿನಿಂದ, ಸ್ವಲ್ಪ ಏದುಸಿರಿನಲ್ಲಿ.

ಸಂಜೆ ಇವರು ಬಂದು ಕ್ಯಾಸೆಟ್ ಹಾಕಿದರು. ಪರದೆಯ ಹಿಂದಿನಿಂದ ಕೂಡಲೇ ಗೊಣಗಾಟ ಬಂತು.

"ಅಪ್ಪ ಏನಂದ್ರು?" ಎಂದು ಇವರು ನನ್ನನ್ನು ಕೇಳಿದರು.

ನಾನು ಪರದೆಯನ್ನು ನೋಡಿದೆ, ಇವರನ್ನು ನೋಡಿದೆ.

"ತಗಡು ಸಾಕಂತೆ," ಎಂದೆ.

ಇವರು ನಿಟ್ಟುಸಿರು ಬಿಟ್ಟು ಸದ್ದು ತಗ್ಗಿಸಿ ಕೈಕಾಲು ತೊಳೆಯಲು ಹೋದರು. ನಾನು ಸದ್ದಿನ ಗುಂಡಿಯನ್ನು ಮೊದಲಿಗಿಂತ ಒಂದಿಷ್ಟು ಹೆಚ್ಚಿಗೆ ತಿರುಗಿಸಿ ಅಡುಗೆಮನೆಗೆ ಹೋದೆ. ಕಂಡದ್ದನ್ನು ಯಾರಿಗೂ, ಅದರಲ್ಲೂ ಈ ಮನೆಯ ಇಬ್ಬರಿಗೆ, ಹೇಳುವುದಿಲ್ಲವೆಂದು ಗೇಟಿನ ಬಳಿ ನಿಂತಾಗಲೇ ತೀರ್ಮಾನಿಸಿದ್ದೆ.